ಹೋಳಿಗೆಗೊಂದು ಪ್ರೈಮರಿ

ಚುನಾವಣೆ ಎಂದರೆ ಎದುರು ಪಕ್ಷದವರ ಜೊತೆ ಕಿತ್ತಾಡುವುದು ಎಂದೇ ನಾನು ತಿಳಿದಿದ್ದೆ. ಅಮೆರಿಕದವರು ಹಾಗಲ್ಲವಂತೆ. ಮೊದಲು ಸ್ವಂತ ಪಕ್ಷದವರ ಮಾನ ಕಳೆದು, ಆಮೇಲೆ ಎದುರಿನವರ ಹತ್ತಿರ ಹೋಗುತ್ತಾರಂತೆ. ಇದನ್ನು ಹೇಳಿಕೊಟ್ಟವನು ಅಳಿಯ ರಘು, ಆಸ್ಟ್ರೇಲಿಯಾದ ಅಡಿಲೇಡಿನ ಪ್ರಾಸ್ಪೆಕ್ಟ್ ಬಡಾವಣೆಯ ನಮ್ಮ ಮನೆಯ ಟಿವಿ ಮುಂದೆ. "ಅಧ್ಯಕ್ಷರ ಚುನಾವಣೆ ಆಮೇಲೆ ಅತ್ತೆ. ಈಗ ನಡೀತಿರೋದು ಪ್ರೈಮರಿ. ಪಕ್ಷದಿಂದ ಯಾರು ನಿಲ್ಲಬೇಕು ಅಂತ ಒಂದೊಂದು ರಾಜ್ಯದಲ್ಲೂ ಜನಾನೇ ವೋಟು ಹಾಕ್ತಾರೆ. ಕೆಲವು ಕಡೆ ಚೀಟಿನೂ ಇಲ್ಲ, ಇಷ್ಟವಾದೋರ ಮೂಲೇಲಿ ಹೋಗಿ ನಿಂತ್ಕೊಳ್ಳೋದು, ತಲೆ ಎಣಿಸೋದು." ನಮ್ಮ ಕಡೆ ಟಿಕೆಟ್ ಯಾರಿಗೆಂದು ದೊಡ್ಡವರು ಬಾಗಿಲು ಹಾಕಿಕೊಂಡು ನಿರ್ಧರಿಸುತ್ತಾರೆ, ಜನಕ್ಕೆ ಗೊತ್ತಾಗುವುದು ಗೋಡೆಗೆ ಪೋಸ್ಟರ್ ಅಂಟಿದಾಗ. ಈ ಮೂಲೆಯ ಪದ್ಧತಿ ನನಗೆ ಬಹಳ ಹಿಡಿಸಿತು.

ಕಾರಣವಿತ್ತು. ಯುಗಾದಿ ಊಟಕ್ಕೆ ಹೋಳಿಗೆಯ ಯಜಮಾನಿಕೆ ಯಾರದೆಂದು ಕನ್ನಡ ಸಂಘದವರು ಕೈ ಎತ್ತಿಸಿ ಆರಿಸುವವರಿದ್ದರು. ಮನೆಗೊಬ್ಬರೇ ನಿಲ್ಲಬೇಕು. ನಮ್ಮ ಮನೆಯಲ್ಲೋ ಇಬ್ಬರು: ನಾನು, ಮತ್ತು ರಘುವಿನ ತಾಯಿ, ನನ್ನ ಬೀಗಿತ್ತಿ ಕಮಲಮ್ಮ. ಆ ಯಜಮಾನಿಕೆ ನನಗೆ ಬೇಕೇ ಬೇಕಿತ್ತು. ಈ ದೇಶಕ್ಕೆ ಬಂದಮೇಲೆ ನಾನು ಹೇಳಿದಂತೆ ಕೇಳುವುದು ಕುಕ್ಕರ್ ಒಂದೇ.

"ನಮ್ಮನೇಲೂ ಪ್ರೈಮರಿ ಆಗಲಿ" ಎಂದೆ. ಪ್ರಚಾರ ಊಟದ ಮೇಜಿನಲ್ಲೇ ಶುರುವಾಯಿತು. "ಕಮಲಮ್ಮನವರ ಹೋಳಿಗೇಲಿ ಚಪ್ಪಲಿ ಹೊಲೀಬಹುದು" ಎಂದೆ ನಾನು. "ಇವರದ್ದು ಹೂರಣವೆಲ್ಲ ಕಾವಲಿಗೆ, ಬರೀ ಕಣಕ ನಮಗೆ" ಎಂದರು ಅವರು. ರಘು ಪೆಟ್ರೋಲ್ ಹಾಕಿಸಬೇಕೆಂದು ಸರ್ವೋಗೆ ಓಡಿದ. ಬಂಕಿನಿಂದ ಅವನು ಬರುವ ತನಕ ಕಾದು ವೋಟು ಮಾಡಿಸಿದೆ.

ನಾನು ಫ್ರಿಜ್ ಪಕ್ಕ, ಅವರು ಸಿಂಕ್ ಪಕ್ಕ. ರಘು ನೆಟ್ಟಗೆ ನನ್ನ ಹತ್ತಿರ ಬಂದ. ಹೆತ್ತವಳು ಕ್ಷಮಿಸುತ್ತಾಳೆ, ಅತ್ತೆ ಕ್ಷಮಿಸುವುದಿಲ್ಲ ಎಂದು ಅವನಿಗೆ ಗೊತ್ತು. ನನ್ನ ಮಗಳು ಸುಮಾ ಸಿಂಕಿನ ಕಡೆ ನಡೆದುಬಿಟ್ಟಳು!

"ಏನೇ ಇದು?"

"ಅಮ್ಮ, ನಿನ್ನ ಕೋಪ ಸಂಜೆಗೆ ಇಳಿಯತ್ತೆ. ಇವರದ್ದು ದೀಪಾವಳಿ ತನಕ ಇರತ್ತೆ."

ಉಳಿದವಳು ಮೊಮ್ಮಗಳು ಅದಿತಿ. ಬೆಳಿಗ್ಗೆಯೇ ಅವಳಿಗೆ ಚಾಕಲೇಟ್ ಕೊಟ್ಟಿದ್ದೆ. "ಸಾರಿ ಅಜ್ಜಿ, ಶೀ ಗೇವ್ ಮಿ ಟೂ" ಎಂದು ಎರಡು ಬೆರಳು ತೋರಿಸಿ ಅವಳೂ ಸಿಂಕಿಗೇ ಹೋದಳು.

ಸೋತವರು ಗೆದ್ದವರ ಪರ ಭಾಷಣ ಮಾಡಬೇಕಂತೆ, ಅದೂ ಅಮೆರಿಕದ ಪದ್ಧತಿ. ಚಪ್ಪಲಿ ಎಂದ ಬಾಯಲ್ಲೇ ಹೊಗಳಬೇಕು. ಸಂಘದ ಸಭೆಯಲ್ಲಿ ಎದ್ದು ನಿಂತು, "ಕಮಲಮ್ಮನವರ ಹೋಳಿಗೆ ಚೆನ್ನಾಗಿರತ್ತೆ. ನನ್ನದರಷ್ಟಿಲ್ಲ. ಆದರೂ ಅವರಿಗೇ ಕೈ ಎತ್ತಿ" ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಕ್ಕವರೆಲ್ಲ ಇನ್ನೊಂದು ಮನೆಯಿಂದ ನಿಂತಿದ್ದ ಸರೋಜಾ ಆಂಟಿಗೆ ಕೈ ಎತ್ತಿದರು. ಆಕೆಯ ಮನೆಯಲ್ಲಿ ಆಕೆಯೊಬ್ಬಳೇ, ಅವಳ ಮಾನ ಕಳೆಯಲು ಯಾರೂ ಇರಲಿಲ್ಲ.

ಯುಗಾದಿಯ ದಿನ ನಾನೂ ಕಮಲಮ್ಮನೂ ಹಿಂದಿನ ಸಾಲಿನಲ್ಲಿ ಅಕ್ಕಪಕ್ಕ ಕೂತೆವು. "ಏಲಕ್ಕಿ ಸಾಲದು" ಎಂದರು ಅವರು. "ಬೇಳೆ ಬೆಂದೇ ಇಲ್ಲ" ಎಂದೆ ನಾನು. ಅಷ್ಟು ಒಗ್ಗಟ್ಟು ನಮ್ಮ ಪಕ್ಷದಲ್ಲಿ ಎಂದೂ ಇರಲಿಲ್ಲ. ಸರೋಜಾ ಬುಟ್ಟಿ ಹಿಡಿದು ಬಂದಾಗ, ಇನ್ನೊಂದು ಹಾಕಮ್ಮ ಎಂದು ಮೊದಲು ತಟ್ಟೆ ಒಡ್ಡಿದವಳು ಮಾತ್ರ ನಾನೇ.