ಬಳೆ ಹೆಚ್ಚಿವೆ ಅಜ್ಜಿ

ಅಚ್ಚಕನ್ನಡ ಮಾತಾಡಲು ಹೋಗಿ ಕೆಟ್ಟವರ ಪಟ್ಟಿಯನ್ನು ಯಾರಾದರೂ ಮಾಡಿದರೆ ಅದರಲ್ಲಿ ಮೊದಲ ಹೆಸರು ನನ್ನದೇ ಇರಬೇಕು. ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ, ಹನ್ನೆರಡು ವರ್ಷದಿಂದ ಇರುವುದು ನಾರ್ತ್ ಕ್ಯಾರೊಲೈನಾದ ಏಪೆಕ್ಸ್‌ನಲ್ಲಿ. ನನ್ನ ಮಾತಿನಲ್ಲಿ ಕೊನೆಯ ಕ್ರಿಯಾಪದ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಇಂಗ್ಲಿಷ್. ಡ್ರಾಪ್ ಮಾಡ್ತೀನಿ, ಪಿಕ್ ಮಾಡ್ತೀನಿ, ಮ್ಯಾನೇಜ್ ಮಾಡ್ತೀನಿ. ಈ ‘ಮಾಡ್ತೀನಿ’ ಇಲ್ಲದಿದ್ದರೆ ನಾನು ಕನ್ನಡಿಗನೆಂದು ನನಗೇ ಮರೆತುಹೋಗುತ್ತಿತ್ತು. ಹಾಗೇ ಇದ್ದುಬಿಟ್ಟಿದ್ದರೆ ಯಾವ ತಾಪತ್ರಯವೂ ಇರಲಿಲ್ಲ. ಒಂದು ದಿನ, ಒಂದೇ ಒಂದು ವಾಕ್ಯವನ್ನು ಶುದ್ಧ ಕನ್ನಡದಲ್ಲಿ ಹೇಳಿದೆ. ಅದರ ಫಲವಾಗಿ ನನ್ನ ಕಾರು ಒಂದೂವರೆ ವರ್ಷ ಗ್ಯಾರೇಜಿನ ಹೊರಗೆ ನಿಂತಿತು.

ಆ ವಾಕ್ಯವನ್ನು ಕೇಳಿಸಿಕೊಂಡವರು ನನ್ನ ಹೆಂಡತಿ ವೀಣಾಳ ಅಜ್ಜಿ, ಅರಸೀಕೆರೆಯ ಬಳೆ ಗಿರಿಜಮ್ಮ. ಇಪ್ಪತ್ತಾರನೆಯ ವಯಸ್ಸಿಗೆ ಗಂಡ ತೀರಿಕೊಂಡಾಗ ಅವರಿಗೆ ಉಳಿದದ್ದು ಎರಡು ಹೆಣ್ಣುಮಕ್ಕಳು ಮತ್ತು ಪೇಟೆಬೀದಿಯ ಒಂದು ಬಳೆ ಅಂಗಡಿ. ಗಂಡ ಸತ್ತವಳು ಮುತ್ತೈದೆಯರಿಗೆ ಬಳೆ ತೊಡಿಸುವುದುಂಟೇ ಎಂದು ಊರಿನ ನಾಲ್ಕು ಜನ ಹಿರಿಯರು ಬುದ್ಧಿ ಹೇಳಲು ಬಂದರಂತೆ. ಅಜ್ಜಿ ಅವರಿಗೆ ಕಾಫಿ ಕೊಟ್ಟು ಕಳಿಸಿ, ಮರುದಿನ ಎರಡೂ ಕೈಗೆ ಮೊಣಕೈವರೆಗೆ ಹಸಿರು ಬಳೆ ಏರಿಸಿಕೊಂಡು ಅಂಗಡಿಯಲ್ಲಿ ಕೂತರು. ಇದೇನಮ್ಮಾ ಇದು ಎಂದು ಕೇಳಿದ್ದಕ್ಕೆ, “ನಾನೆಲ್ಲಿ ಹಾಕ್ಕೊಂಡಿದೀನಿ? ಇದು ಸ್ಯಾಂಪಲ್ಲು, ಗಿರಾಕಿಗಳಿಗೆ ತೋರ್ಸಕ್ಕೆ” ಅಂದರಂತೆ. ಆ ಸ್ಯಾಂಪಲ್ಲು ಮುಂದೆ ಅರವತ್ತೈದು ವರ್ಷ ಕೈಯಲ್ಲೇ ಇತ್ತು. ಹಿರಿಯರ ಹೆಂಡತಿಯರು ಮೊದಲ ವಾರ ಬರಲಿಲ್ಲ, ಎರಡನೆಯ ವಾರ ಹಿಂಬಾಗಿಲಿನಿಂದ ಬಂದರು, ಗೌರಿಹಬ್ಬದ ಹೊತ್ತಿಗೆ ಮುಂಬಾಗಿಲಲ್ಲೇ ಸಾಲು ನಿಂತರು.

ಅಜ್ಜಿಯ ವ್ಯಾಪಾರವೆಲ್ಲ ಕೈ ಹಿಚುಕುವುದರಲ್ಲಿತ್ತು. ಗಿರಾಕಿಯ ಕೈಯನ್ನು ಒಮ್ಮೆ ಅದುಮಿದರೆ ಸಾಕು, ಅಳತೆ ಟೂ ಫೋರೋ ಟೂ ಸಿಕ್ಸೋ ಎನ್ನುವುದರ ಜೊತೆಗೆ ಆ ಮನೆಯಲ್ಲಿ ಬಟ್ಟೆ ಒಗೆಯುವವರು ಯಾರು, ಸೊಸೆಗೆ ಎಷ್ಟನೇ ತಿಂಗಳು ಎಂಬುದೆಲ್ಲ ಅವರಿಗೆ ಗೊತ್ತಾಗುತ್ತಿತ್ತು. ಕೋವಿಡ್ ಮುಗಿದ ಮೇಲೆ ಒಮ್ಮೆ ಏಪೆಕ್ಸಿಗೆ ಬಂದಿದ್ದಾಗ ಮಾಲ್‌ಗೆ ಕರೆದುಕೊಂಡು ಹೋದೆವು. ಇಡೀ ದಿನ ಸುತ್ತಿ, ಯಾರೂ ಯಾರ ಕೈಯನ್ನೂ ಮುಟ್ಟುವುದಿಲ್ಲ, ಇದೂ ಒಂದು ವ್ಯಾಪಾರವೇ ಎಂದು ಮೂಗು ಮುರಿದರು. ಪಕ್ಕದ ಮನೆಯ ಲಿಂಡಾ ಹಲೋ ಎಂದು ಕೈ ಚಾಚಿದಾಗ ಅದನ್ನು ಹಿಡಿದು ಚೆನ್ನಾಗಿ ಅದುಮಿ “ಟೂ ಟೆನ್” ಎಂದು ತೀರ್ಪು ಕೊಟ್ಟರು. ಲಿಂಡಾ ಅದನ್ನು ಆಶೀರ್ವಾದ ಎಂದುಕೊಂಡಳು. ನನ್ನ ಕನ್ನಡದ ಬಗ್ಗೆಯೂ ಅಷ್ಟೇ ಮರ್ಯಾದೆಯಿಂದ ಹೇಳಿದ್ದರು: “ಅಳಿಯಂದ್ರೆ, ನಿಮ್ಮ ಮಾತಲ್ಲಿ ಕನ್ನಡಾನ ಹಾಸ್ಟೆಲ್ ಸಾರಲ್ಲಿ ಬೇಳೆ ಹುಡುಕ್ದಂಗೆ ಹುಡುಕ್ಬೇಕು ನೋಡಿ.”

ಅವರಿಗೆ ದೇವರ ಮೇಲೆ ಅಷ್ಟಕ್ಕಷ್ಟೇ, ಡಾಕ್ಟರ ಮೇಲೆ ಇನ್ನೂ ಕಡಿಮೆ. ಪೂರ್ತಿ ನಂಬಿಕೆ ಇದ್ದದ್ದು ತಾವು ಕಟ್ಟುವ ಪೆಟ್ಟಿಗೆಯ ಮೇಲೆ. ಭತ್ತದ ಹೊಟ್ಟು, ಹಳೇ ಸೀರೆಯ ಚೂರು, ಮೇಲೆ ಪೇಪರು, ಅದರ ಮೇಲೆ ಹುರಿ. ತಾವು ಕಟ್ಟಿದ ಪೆಟ್ಟಿಗೆಯನ್ನು ಚಲಿಸುವ ರೈಲಿನಿಂದ ಎಸೆದರೂ ಒಳಗಿನ ಒಂದು ಬಳೆಗೂ ಏನೂ ಆಗುವುದಿಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ಊರಲ್ಲಿ ಅವರನ್ನು ಬೈಯುವವರು ಬೇಕಾದಷ್ಟು ಜನ ಇದ್ದರು. ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ಯಾರೂ ಚಕಾರ ಎತ್ತಿರಲಿಲ್ಲ.

ಮರುವರ್ಷ ಗೌರಿಹಬ್ಬಕ್ಕೆ ಇಲ್ಲಿನ ಹೆಂಗಸರಿಗೆ ತಾಂಬೂಲದ ಜೊತೆ ಕೊಡಲು ವೀಣಾ ಅಜ್ಜಿಯಿಂದ ಹನ್ನೆರಡು ಡಜನ್ ಗಾಜಿನ ಬಳೆ ತರಿಸಿದಳು. ಕೊಟ್ಟು ಐದು ಡಜನ್ ಮಿಕ್ಕಿತು. ಅಜ್ಜಿ ಫೋನ್ ಮಾಡಿದಾಗ ವೀಣಾ ಮನೆಯಲ್ಲಿರಲಿಲ್ಲ, ನಾನು ಎತ್ತಿದೆ. ಬಳೆ ಏನಾಯಿತು ಎಂದರು. ‘ಎಕ್ಸ್‌ಟ್ರಾ ಆಯ್ತು’ ಎಂಬುದು ನಾಲಗೆಯ ತುದಿಗೆ ಬಂದಿತ್ತು. ಹಾಸ್ಟೆಲ್ ಸಾರು ನೆನಪಾಗಿ ಅದನ್ನು ನುಂಗಿಕೊಂಡೆ. ಎದೆ ಸೆಟೆಸಿ ಹೇಳಿದೆ: “ಬಳೆ ಹೆಚ್ಚಿವೆ ಅಜ್ಜಿ.”

ಏನಂದ್ರಿ ಎಂದು ಆ ಕಡೆಯಿಂದ ಇನ್ನೊಮ್ಮೆ ಹೇಳಿಸಿದರು. ನನ್ನ ಭಾಷಾಶುದ್ಧಿಗೆ ಬೆರಗಾಗಿದ್ದಾರೆ ಅಂದುಕೊಂಡೆ. ಆಮೇಲೆ ಎಷ್ಟು ಎಂದು ಕೇಳಿದರು. ಐದು ಡಜನ್ ಎಂದೆ.

“ಆಗ್ಲಿ ಅಳಿಯಂದ್ರೆ. ನಾನಿದೀನಲ್ಲ” ಅಂದು ಫೋನ್ ಇಟ್ಟರು.

ಮೂರು ವಾರಕ್ಕೆ ಇನ್ನೊಂದು ಪೆಟ್ಟಿಗೆ ಬಂತು, ಮೊದಲಿನದಕ್ಕಿಂತ ದೊಡ್ಡದು. ಪ್ರೀತಿ ಎಂದುಕೊಂಡೆವು. ಬಿಚ್ಚಲೂ ಇಲ್ಲ, ಗ್ಯಾರೇಜಿನಲ್ಲಿಟ್ಟೆ. ಅಜ್ಜಿ ಮತ್ತೆ ವಿಚಾರಿಸಿದಾಗ, ದಯವಿಟ್ಟು ಕಳಿಸಬೇಡಿ ಎನ್ನುವುದನ್ನು ಸೂಕ್ಷ್ಮವಾಗಿ ತಿಳಿಸಲು, ಈ ಸಲವಂತೂ ತುಂಬಾನೇ ಹೆಚ್ಚಿವೆ ಎಂದೆ. ಮೂರನೆಯದು ಬಂತು. ಪೂರ್ತಿ ಹೆಚ್ಚಿವೆ ಎಂದೆ. ಎರಡು ಪೆಟ್ಟಿಗೆ ಒಟ್ಟಿಗೇ ಬಂದವು. ಕೊರಿಯರ್ ಖರ್ಚು ಇಲ್ಲಿಂದಲೇ ಕಟ್ಟುವ ಏರ್ಪಾಡನ್ನು ವೀಣಾ ಮಾಡಿಕೊಟ್ಟಿದ್ದರಿಂದ ಅಜ್ಜಿಯ ಕೈಗೆ ತಡೆಯೇ ಇರಲಿಲ್ಲ. ಹೀಗೇ ಪೆಟ್ಟಿಗೆ ಬರುತ್ತಲೇ ಹೋಗಿ ಕಾರು ಹೊರಗೆ ಹೋಯಿತು. ವಸಂತದಲ್ಲಿ ಇಲ್ಲಿ ಪೈನ್ ಮರಗಳ ಪರಾಗ ಉದುರುವುದನ್ನು ನೋಡಿದವರಿಗೆ ಗೊತ್ತು, ನನ್ನ ಕರೀ ಕಾರು ಎರಡು ತಿಂಗಳು ಅರಿಶಿನ ಹಚ್ಚಿಕೊಂಡ ಮದುಮಗಳ ಹಾಗೆ ನಿಂತಿತ್ತು.

ಒಂದು ಭಾನುವಾರ ನಾನು ಫೋನಿನಲ್ಲಿ ಮತ್ತೆ ಅದೇ ವಾಕ್ಯ ಹೇಳುವಾಗ ವೀಣಾ ದೋಸೆ ಹುಯ್ಯುತ್ತಿದ್ದವಳು ಸೌಟು ಹಿಡಿದುಕೊಂಡೇ ಬಂದಳು. ಅಜ್ಜಿಗೆ ಏನಂದ್ರಿ ಎಂದಳು. ಹೇಳಿದೆ. ಆಗ ನನಗೆ ಪಾಠವಾಯಿತು. ಬಳೆ ಒಡೆಯಿತು ಎಂದು ಹೇಳಬಾರದು, ಅಪಶಕುನ. ಬಳೆ ಹೆಚ್ಚಿತು ಎನ್ನಬೇಕು. ದೀಪ ಆರಿಸು ಎನ್ನದೆ ದೀಪ ದೊಡ್ಡದು ಮಾಡು ಎನ್ನುತ್ತಾರಲ್ಲ, ಹಾಗೆ. ಅಂದರೆ ಇಷ್ಟು ದಿನ ನಾನು ಆ ತೊಂಬತ್ತು ವರ್ಷದ ಮುದುಕಿಗೆ, ನೀವು ಕಟ್ಟಿದ ಪೆಟ್ಟಿಗೆಯಲ್ಲಿ ಬಳೆಯೆಲ್ಲ ಒಡೆದುಹೋಗಿದೆ, ಈ ಸಲ ಇನ್ನೂ ಜಾಸ್ತಿ, ಈ ಸಲ ಒಂದೂ ಉಳಿದಿಲ್ಲ ಎಂದು ಫೋನಿನಲ್ಲಿ ಮತ್ತೆ ಮತ್ತೆ ಹೇಳಿದ್ದೆ.

ವೀಣಾ ನಗಲಿಲ್ಲ. “ಅವ್ರಿಗೆ ಇರೋ ಹೆಮ್ಮೆ ಅದೊಂದೇ ರೀ. ಇವತ್ತೇ ಕಾಲ್ ಮಾಡಿ ಹೇಳ್ಬಿಡಿ” ಅಂದಳು.

ನನ್ನ ಉದ್ಯೋಗ ಬೇರೆಯವರ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಹತ್ತು ಜನರ ಮೀಟಿಂಗಿನಲ್ಲಿ ಇನ್ನೊಬ್ಬರ ತಪ್ಪನ್ನು ಎತ್ತಿ ತೋರಿಸಲು ನನಗೆ ಒಂದು ನಿಮಿಷ ಸಾಕು. ನನ್ನದನ್ನು ಹೇಳಲು ಮಾತ್ರ ಮುಹೂರ್ತ ಕೂಡಿಬರಲಿಲ್ಲ. ಒಂದು ವಾರ ಆಫೀಸಿನಲ್ಲಿ ರಿಲೀಸ್ ಇತ್ತು, ಇನ್ನೊಂದು ವಾರ ಗಂಟಲು ಕೆಟ್ಟಿತ್ತು, ಮತ್ತೊಂದು ವಾರ ಅಲ್ಲಿ ಅಜ್ಜಿ ಮಲಗಿರುವ ಹೊತ್ತು. ಐದನೆಯ ವಾರ ಅಜ್ಜಿ ಹೋಗಿಬಿಟ್ಟರು. ಮಧ್ಯಾಹ್ನ ಅಂಗಡಿಯ ಗಾದಿಯ ಮೇಲೆ ಕೂತವರು ಕೂತ ಹಾಗೆಯೇ. ಅಂಥ ಸಾವು ಪುಣ್ಯವಂತರಿಗೆ ಎಂದು ಎಲ್ಲರೂ ಅಂದರು. ನನಗೆ ಮಾತ್ರ ಆ ಮಾತು ಒಪ್ಪಲಾಗಲಿಲ್ಲ. ಪೆಟ್ಟಿಗೆ ಕಟ್ಟಲು ಬಾರದವಳು ಎಂದು ತಮ್ಮನ್ನು ತಾವೇ ಬೈದುಕೊಳ್ಳುತ್ತಾ ಹೋದರಲ್ಲ, ಅದಕ್ಕೆ ಕಾರಣ ನಾನು.

ಹದಿಮೂರನೆಯ ದಿನ ವಿಡಿಯೋ ಕಾಲ್‌ನಲ್ಲಿ ಎಲ್ಲರೂ ಸೇರಿದೆವು. ಇಲ್ಲೇ ಅಮೆರಿಕದ ಗೈದರ್ಸ್‌ಬರ್ಗ್‌ನಿಂದ ಅಜ್ಜಿಯ ಕಿರಿಯ ಮಗಳು ಸರೋಜತ್ತೆ, ಅರಸೀಕೆರೆಯ ಅಂಗಡಿಯಿಂದ ಮಿಕ್ಕವರು. ಒಬ್ಬೊಬ್ಬರೂ ಅಜ್ಜಿ ಎಂಥ ಸಾಧ್ವಿ, ಎಷ್ಟು ಮೃದು ಎಂದು ಹೇಳುತ್ತಾ ಹೋದರು. ಇವರೆಲ್ಲ ಬೇರೆ ಯಾರದೋ ಅಜ್ಜಿಯ ಬಗ್ಗೆ ಮಾತಾಡುತ್ತಿದ್ದಾರೆ ಎನ್ನಿಸಿತು. ನನ್ನ ಸರದಿ ಬಂದಾಗ, ಏನಾದರಾಗಲಿ ಎಂದು ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಒಂದು ಬಳೆಯೂ ಹೆಚ್ಚಿರಲಿಲ್ಲ, ಹೆಚ್ಚಿದ್ದು ನನ್ನ ಅಧಿಕಪ್ರಸಂಗ, ಅಜ್ಜಿಯ ಕ್ಷಮೆ ಕೇಳಬೇಕಿತ್ತು ಎಂದೆ. ಪರದೆಯ ಮೇಲೆ ಯಾರೂ ಅಲುಗಲಿಲ್ಲ, ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ.

ಅಷ್ಟರಲ್ಲಿ ಪರದೆಯಲ್ಲಿ ಅರಸೀಕೆರೆಯವರಿದ್ದ ಚೌಕದಲ್ಲಿ ಒಬ್ಬ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕುಲುಕುತ್ತಿರುವುದು ಕಾಣಿಸಿತು. ನಲವತ್ತು ವರ್ಷ ಅಜ್ಜಿಯ ಜೊತೆ ಅಂಗಡಿಯಲ್ಲಿದ್ದ ಜಯಮ್ಮ. ಅಳುತ್ತಿದ್ದಾರೆ ಎಂದುಕೊಂಡೆ, ನಗುತ್ತಿದ್ದರು.

“ಅಮ್ಮಂಗೆ ಮೊದಲ್ನೇ ಸಲಾನೇ ಗೊತ್ತಾಯ್ತು ಸ್ವಾಮಿ. ಒಡೆದಿದ್ರೆ ಹೆಚ್ಚಿತು ಅನ್ನೋಷ್ಟು ಕನ್ನಡ ನಮ್ಮ ಬೆಂಗಳೂರು ಅಳಿಯಂದ್ರಿಗೆ ಎಲ್ಲಿಂದ ಬರ್ಬೇಕು ಜಯಾ, ಪಾಪ, ಮಿಕ್ಕಿದೆ ಅಂತ ಹೇಳ್ತಾವ್ರೆ ಅಂದ್ರು. ಅಂದ್ಬುಟ್ಟು ಅಟ್ಟದ ಮೇಲಿಂದ ಹಳೇ ಮಾಲು ಇಳಿಸು ಅಂದ್ರು.”

ಅಟ್ಟದ ಮೇಲಿದ್ದದ್ದು ಟೂ ಟೂ ಅಳತೆಯ ಬಳೆಗಳು, ಕಿರುಗೈಗಷ್ಟೇ ಹಿಡಿಸುವಂಥವು, ವರ್ಷಗಳಿಂದ ಯಾರೂ ಕೊಳ್ಳದ ಬಣ್ಣದವು. ಬಳೆ ಮಾರುವವಳು ಬಳೆಯನ್ನು ಎಸೆಯಬಾರದು, ಯಾವುದಾದರೂ ಹೆಣ್ಣುಮಗುವಿನ ಕೈ ಸೇರಬೇಕು ಎಂಬುದು ಅಜ್ಜಿಯ ನಿಯಮ. ಅಮೆರಿಕದ ಮನೆಯಲ್ಲಿ ಕಾರಿಗೂ ಒಂದು ಕೋಣೆ ಇರುವುದನ್ನು ಅವರು ಕಣ್ಣಾರೆ ನೋಡಿ ಹೋಗಿದ್ದರು. ತಾವು ಹೋಗುವ ಮೊದಲು ಅಟ್ಟ ಖಾಲಿ ಮಾಡಿಸಿ ಗುಡಿಸಿಸಿದ್ದರಂತೆ. ಗ್ಯಾರೇಜಿಗೆ ಓಡಿ ಪೆಟ್ಟಿಗೆ ಬಿಚ್ಚಿ ನೋಡಿದೆ. ಎಲ್ಲವೂ ಟೂ ಟೂ. ಬೂದು ಹಸಿರು, ಇಟ್ಟಿಗೆ ಕೆಂಪು. ಒಂದೂ ಒಡೆದಿರಲಿಲ್ಲ. ಒಂದೂವರೆ ವರ್ಷ ತಪ್ಪು ಹುಡುಕುವವನ ಮನೆಯಲ್ಲೇ ಇದ್ದ ಪೆಟ್ಟಿಗೆಗಳನ್ನು ನಾನು ತೆರೆದೂ ನೋಡಿರಲಿಲ್ಲ. ಆ ದಿನ ಅಲ್ಲೇ ನೆಲದ ಮೇಲೆ ಕೂತು ಅತ್ತೆ, ನಕ್ಕೆ, ಅಜ್ಜಿಯನ್ನು ಮನಸಾರೆ ಬೈದೆ.

ಆಮೇಲೆ ಎರಡು ತಿಂಗಳು ನನಗೆ ಅದೇ ಕೆಲಸ. ಭಾನುವಾರದ ಕನ್ನಡ ಶಾಲೆಯ ಹುಡುಗಿಯರು, ದೂರದ ಡುಲುತ್‌ನ ಗೆಳೆಯರ ಮಕ್ಕಳು, ಲಿಂಡಾಳ ಮೊಮ್ಮಗಳು, ಯಾರನ್ನೂ ಬಿಡಲಿಲ್ಲ. ಬಳೆ ಅಂಕಲ್ ಎಂಬ ಹೆಸರೂ ಬಂತು. ಕೊನೆಯ ಡಜನ್ ಹೋದ ದಿನ ಕಾರನ್ನು ತೊಳೆದು ಒಳಗೆ ನಿಲ್ಲಿಸಿದೆ. ಅಂದು ಸಂಜೆಯೇ ಸರೋಜತ್ತೆಯ ಫೋನ್. ಮಗಳಿಗೆ ಸೀಮಂತವಂತೆ, ಅವಳದು ಕಿರುಗೈ, ಅಮ್ಮನ ಅಂಗಡಿಯ ಬಳೆಯನ್ನೇ ತೊಡಿಸಬೇಕೆಂದು ಆಸೆಯಂತೆ, ಬಳೆ ಇದೆಯಾ ಎಂದರು. ಮುಗಿದಿದೆ ಎನ್ನಲು ಬಾಯಿ ತೆರೆದೆ. ಛೆ, ಸೀಮಂತದ ಮನೆಗೆ ಅಂಥ ಮಾತೇ? ನಾನೀಗ ಕಲಿತವನು, ಮುಗಿಯಿತು ಎನ್ನುವುದನ್ನೂ ಹೆಚ್ಚಿತು ಎಂದೇ ಹೇಳಬೇಕು. “ಬಳೆ ಹೆಚ್ಚಿವೆ ಅತ್ತೆ” ಎಂದೆ. ಸಂತೋಷ ಎಂದು ಇಟ್ಟರು.

ಶನಿವಾರ ಐದು ಗಂಟೆ ಡ್ರೈವ್ ಮಾಡಿಕೊಂಡು, ಡಿಕ್ಕಿಯಲ್ಲಿ ಎರಡು ಖಾಲಿ ಪೆಟ್ಟಿಗೆ ಇಟ್ಟುಕೊಂಡು ಸರೋಜತ್ತೆ ನಮ್ಮ ಮನೆಯ ಮುಂದೆ ಇಳಿದರು. ಗ್ಯಾರೇಜಿನಲ್ಲಿ ಕಾರೊಂದೇ ಹೊಳೆಯುತ್ತಿತ್ತು. ನಾನು ಸಂಪ್ರದಾಯ, ಅಪಶಕುನ ಎಂದೆಲ್ಲ ತೊದಲಿದೆ.

“ಆ ಅರ್ಥ ನಂಗೂ ಗೊತ್ತು ರಘು” ಎಂದರು ಸರೋಜತ್ತೆ. “ಆದ್ರೆ ನೀವು ಹೆಚ್ಚಿವೆ ಅಂದ್ರೆ ಮಿಕ್ಕಿದೆ ಅಂತ ಅಲ್ವಾ? ಅವತ್ತು ಎಲ್ಲರ ಮುಂದೆ ನೀವೇ ಹೇಳಿದ್ರಲ್ಲ.”

ಆ ಮಧ್ಯಾಹ್ನ ಏಪೆಕ್ಸಿನ ಮನೆಮನೆಗೂ ಹೋಗಿ, ಬೆಲ್ ಒತ್ತಿ, ಚಿಕ್ಕ ಹುಡುಗಿಯರ ಕೈಯಿಂದ ಕೊಟ್ಟ ಬಳೆಯನ್ನು ವಾಪಸ್ ಬೇಡಿಕೊಂಡು ಬಂದೆ. ಒಂದೂವರೆ ಡಜನ್ ಸಿಕ್ಕಿತು. ಎಲ್ಲ ಮನೆಯಲ್ಲೂ ಇಂಗ್ಲಿಷಿನಲ್ಲೇ ಕೇಳಿದೆ.