‘ಗರ್ಮಿ ಆಗ್ಯದ’ ಎಂದೆ, ಕೆಟ್ಟೆ

ಮಾತೃಭಾಷೆಯ ಮಾತಿಗೆ ಅರ್ಥ ಕೇಳುವುದು ಅವಮಾನವೆಂದು ನಂಬಿದವನು ನಾನು. ನಮ್ಮ ಸೇಡಂ ಕಡೆ ಬೇಸಿಗೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಗರ್ಮಿ. ಕಣ್ಣುರಿದರೆ ಗರ್ಮಿ, ನಾಲಿಗೆ ಒಡೆದರೆ ಗರ್ಮಿ, ಅತ್ತೆ ಸಿಡುಕಿದರೆ ಅವಳಿಗೂ ಗರ್ಮಿ; ಒಂದು ಚೊಂಬು ಮಜ್ಜಿಗೆ ಕುಡಿದರೆ ಎಲ್ಲವೂ ಶಾಂತ. ಆ ಪದಕ್ಕೆ ಇನ್ನೊಂದು ಅರ್ಥವಿದೆಯೆಂದು, ಶಾಲಾ ಮಾಸ್ತರನಾದ ಮೇಲೂ ನನಗೆ ಗೊತ್ತಿರಲಿಲ್ಲ.

ನಿಜಾಮರ ಕಾಲ. ಸೋದರಮಾವನ ಜೊತೆ ರೈಲು ಹತ್ತಿ ಹೆಣ್ಣು ನೋಡಲು ವಾಡಿಗೆ ಹೋದೆ. ಹೆಣ್ಣಿನ ತಂದೆ ದವಾಖಾನೆಯ ಕಂಪೌಂಡರ್. ಹೊರಗೆ ಶಹಾಬಾದ ಕಲ್ಲು ಕಾದು ಹಂಚಾಗಿತ್ತು. ಒಳಗೆ ಹೊಗೆಯಾಡುವ ಚಹಾ ಬಂತು.

“ಬ್ಯಾಡ್ರಿ, ನನಗ ಗರ್ಮಿ ಆಗ್ಯದ,” ಎಂದೆ.

ಕಂಪೌಂಡರ್ ಕೈಯಲ್ಲಿದ್ದ ಚಹಾದ ಬಸಿಯನ್ನು ಕೆಳಗಿಟ್ಟರು. “ಎಷ್ಟ ದಿನ ಆತು?”

“ಹೊಸಾದಲ್ಲರಿ. ಹೈದರಾಬಾದಿನಾಗ ಓದೂವಾಗ ಭಾಳ ಆಗಿತ್ತು.”

“ಮನಿಯವ್ರಿಗೆ ಗೊತ್ತದ?”

“ಗೊತ್ತಿಲ್ದೇನ್ರಿ? ನಮ್ಮಪ್ಪಗೂ ಅದ.”

ಸೋದರಮಾವ ಹೆಮ್ಮೆಯಿಂದ ಸೇರಿಸಿದರು: “ನನಗೂ ಅದ್ರಿ. ನಮ್ಮ ಮನಿತನಾನೇ ಹಂಗ.”

ಕಂಪೌಂಡರ್ ಧಡಕ್ಕನೆ ಎದ್ದರು. “ಹೋಗಬಾರದ ಮನಿಗೆ ಹೋಗಿ ರೋಗ ಹಚ್ಚಿಕೊಂಡು ಬಂದು, ನನ್ನ ಮಗಳ ಬಾಳ್ವಿ ಸುಡಾಕತ್ತೀರೇನು? ಏಳ್ರಿ ಮ್ಯಾಲ!”

ಆಗ ತಿಳಿಯಿತು, ಅವರ ದವಾಖಾನೆಗೆ ಮುಖ ಮರೆಸಿಕೊಂಡು ಬರುವ ಗಂಡಸರು ಪಿಸುಗುಟ್ಟುವ ಗರ್ಮಿ ಯಾವುದೆಂದು. ಅಪ್ಪನ ಮಾನವನ್ನೂ ಕಳೆದಿದ್ದೆನಲ್ಲ! ವಿವರಿಸಲು ಬಾಯಿ ತೆರೆದೆ, ಮೂಗಿನಿಂದ ರಕ್ತ ಬಂತು. ಬಿಳಿ ಧೋತರದ ಮೇಲೆ ತಟತಟ ಬಿತ್ತು.

ಬಾಗಿಲ ಮರೆಯಲ್ಲಿದ್ದ ಕಂಪೌಂಡರ ಹೆಂಡತಿ ಉಳ್ಳಾಗಡ್ಡಿ ಜಜ್ಜಿಕೊಂಡು ಓಡಿ ಬಂದು ನನ್ನ ಮೂಗಿಗೆ ಹಿಡಿದರು. “ಅಯ್ಯ, ಇದು ಬಿಸಲಿನ ಗರ್ಮಿರಿ! ನಿಮಗ ದವಾಖಾನಿ ಬಿಟ್ರ ಬ್ಯಾರೆ ಜಗತ್ತೇ ಇಲ್ಲೇನು?” ಎಂದು ಗಂಡನನ್ನು ಗದರಿದರು. ಒಳಗಿನಿಂದ ಹುಡುಗಿ ನಕ್ಕದ್ದು ಕೇಳಿಸಿತು. ಕಂಪೌಂಡರ್ ಮೆಲ್ಲಗೆ ಕುಳಿತರು. ಸಂಜೆಯೊಳಗೆ ಮಾತು ಗಟ್ಟಿಯಾಯಿತು.

ಮರುದಿನ ಹಿಗ್ಗಿನಿಂದ ಶಾಲೆಗೆ ಹೋಗಿ ನಮ್ಮ ಹೆಡ್ ಮಾಸ್ತರರಿಗೆ ಸುದ್ದಿ ಹೇಳಿದೆ. ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿ ಗಾಬರಿಯಿಂದ ನೋಡಿದರು. ಆಗ ನೆನಪಾಯಿತು: ಹೆಣ್ಣು ನೋಡುವ ಸಂಗತಿ ಹೇಳಲು ನಾಚಿ, ಗರ್ಮಿ ಆಗಿದೆಯೆಂದೇ ಅವರಲ್ಲಿ ರಜೆ ಕೇಳಿದ್ದೆ. ಅವರು ಒಂದೂ ಪ್ರಶ್ನೆ ಕೇಳದೆ ಕೊಟ್ಟಿದ್ದರು.

“ಹುಡುಗಿ ಮನಿಯವ್ರಿಗೆ ನಿನ್ನ ಗರ್ಮಿ ಸುದ್ದಿ ಹೇಳಿದ್ಯೇನು?” ಎಂದರು.

ಅರ್ಥ ತಿಳಿದ ಮೇಲೂ ನಾಲಿಗೆಗೆ ಬುದ್ಧಿ ಬಂದಿರಲಿಲ್ಲ. “ಹೇಳೀನ್ರಿ,” ಎಂದೆ. “ಮೊದಲ ಬೈದ್ರು. ಆಮ್ಯಾಲ ಉಳ್ಳಾಗಡ್ಡಿ ಮೂಸಿಸಿ ಒಪ್ಪಿದ್ರು.”