ವಿಮಾನಕ್ಕೊಂದು ಐದು ಕಿಲೋ ಕಲ್ಲು

ವಿಮಾನ ಕಟ್ಟಲು ಬೇಕಾದ ಹತ್ಯಾರಗಳ ಪಟ್ಟಿಯಲ್ಲಿ ಮೂವತ್ತೊಂದನೆಯದು ಒಂದು ಕಬ್ಬಿಣದ ಗಟ್ಟಿ. ಕೈಯಲ್ಲಿ ಹಿಡಿಯಲು ಬರಬೇಕು, ಭಾರವಿರಬೇಕು, ಒಂದು ಮುಖ ಕನ್ನಡಿಯಂತೆ ನುಣ್ಣಗಿರಬೇಕು, ಅಷ್ಟೆ. ಉಳಿದ ಮೂವತ್ತನ್ನೂ ಹೇಗೋ ಹೊಂದಿಸಿಕೊಂಡಿದ್ದ ರುದ್ರಮುನಿ ಈ ಗಟ್ಟಿಗೆ ಬಂದು ಎಡವಿದ.

ರುದ್ರಮುನಿಯ ಮನೆ ಹಾವೇರಿಯಲ್ಲಿ, ಕೆಲಸ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ. ಬೀಜ ಒಣಗಿಸುವ ಮಷಿನ್ನು ಕೆಟ್ಟರೆ ರಿಪೇರಿ ಮಾಡುವವನು ಅವನೇ. ತಗಡಿನ ವಿಮಾನವನ್ನು ಮನೆಯಲ್ಲೇ ಜೋಡಿಸಬಹುದು, ಬಿಡಿಭಾಗಗಳನ್ನು ಅಮೆರಿಕದಿಂದ ಪೆಟ್ಟಿಗೆಯಲ್ಲಿ ತರಿಸಬಹುದು ಎಂದು ಇಂಟರ್‌ನೆಟ್ ಅಂಗಡಿಯಲ್ಲಿ ಕೂತು ಓದಿದ ದಿನದಿಂದ ಅವನ ಕಾಲು ನೆಲಕ್ಕೆ ಹತ್ತಿರಲಿಲ್ಲ. ಮೊದಲು ಬರುವುದು ಬಾಲ. ಬಾಲ ಮುಗಿಸಿದ ಮೇಲೆ ರೆಕ್ಕೆ, ಆಮೇಲೆ ಹೊಟ್ಟೆ.

"ಮಂಗ್ಯಾ ಹೋಗಿ ಮನಶಾ ಆಗುವಾಗ ಬಾಲ ಉದುರಿತ್ತಂತ," ಎಂದಿದ್ದಳು ಹೆಂಡತಿ ಶ್ರೀದೇವಿ. "ನಿಮಗ ಮತ್ತ ಬರಾಕತ್ತೈತಿ."

ಬಾಲ ಮುಂದಿನ ತಿಂಗಳು ಬರುವುದಿತ್ತು. ಇಡಲು ಜಾಗವಿರಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಬಾಲ ಒಳಗೆ ಬಂದರೆ ಸಂಸಾರ ಹೊರಗೆ ಹೋಗಬೇಕು. ಜಾಗವಿದ್ದದ್ದು ಮಾವ ಪ್ರಭುಲಿಂಗಪ್ಪನ ಬಳಿ. ಬ್ಯಾಡಗಿಯಲ್ಲಿ ಅವನದು ಮೆಣಸಿನಕಾಯಿ ಖರೀದಿ ಅಂಗಡಿ, ಅದರ ಹಿಂದೆ ದೊಡ್ಡ ಗೋದಾಮು. ಎರಡು ವರ್ಷದಿಂದ ರೈತರು ಯಾಕೋ ಆ ಅಂಗಡಿಯ ಮುಂದೆ ಗಾಡಿ ನಿಲ್ಲಿಸುವುದನ್ನೇ ಬಿಟ್ಟಿದ್ದರಿಂದ ಗೋದಾಮು ಖಾಲಿ ಬಿದ್ದಿತ್ತು. ಇಲಿಗಳೂ ಬೇಸತ್ತು ಬೇರೆ ಅಂಗಡಿ ನೋಡಿಕೊಂಡಿದ್ದವು.

"ಕೊಡತೇನಿ ಅಳಿಯಂದ್ರ," ಎಂದಿದ್ದ ಮಾವ. "ಮೊದಲ ಎರಡು ತಗಡು ಕೂಡಿಸಿ ತೋರಸ್ರಿ. ನಾ ಜಗ್ಗಿದ್ರ ಬಿಚ್ಚಬಾರದು. ಅವತ್ತ ಗೋದಾಮಿನ ಕೀಲಿ ನಿಮ್ಮ ಕೈಯಾಗ."

ತಗಡು ಕೂಡಿಸಲು ರಿವೆಟ್ ಹೊಡೆಯಬೇಕು. ಮುಂದಿನಿಂದ ಒಬ್ಬರು ಗಾಳಿ ಗನ್ನಿನಿಂದ ಹೊಡೆದರೆ, ಹಿಂದಿನಿಂದ ಇನ್ನೊಬ್ಬರು ಆ ಮೂವತ್ತೊಂದನೆಯ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ಗಟ್ಟಿಗಾಗಿ ರುದ್ರಮುನಿ ರಾಣೆಬೆನ್ನೂರಿನ ಹತ್ಯಾರದ ಅಂಗಡಿಯ ಮಹಮೂದಾಬೇಗಂ ಮುಂದೆ ಪಟ್ಟಿ ಹಿಡಿದು ನಿಂತ. ಗಂಡ ಹೋದಮೇಲೆ ಇಪ್ಪತ್ತು ವರ್ಷ ಅಂಗಡಿ ನಡೆಸಿದ ಹೆಂಗಸು. ಸ್ಪ್ಯಾನರ್ ನೆಲಕ್ಕೆ ಬಿದ್ದರೆ ಸಪ್ಪಳದಲ್ಲೇ ಅಸಲಿ ನಕಲಿ ಹೇಳುವವಳು.

"ಡ್ರಿಲ್ಲು ಹೊಸಾದು ತೊಗೊಂಡ್ರಿ, ಛಲೋ ಆತು. ಕಂಪ್ರೆಸರ್ ಹಳೇದು ತೊಗೊಂಡ್ರಿ, ಅದೂ ಛಲೋ ಆತು. ಗಾಳಿಗೇನು ಹಳೇದು ಹೊಸಾದು ಇರತೈತಿ? ಆದ್ರ ಕಬ್ಬಿಣದ ಉಂಡಿಗೆ ಅಮೆರಿಕಾದಿಂದ ಪಾರ್ಸಲ್ ಯಾಕ ಭಾಯಿ? ನಿಮ್ಮ ಮಾವನ ಅಂಗಡ್ಯಾಗ ತೂಕದ ಕಲ್ಲು ಸಾಲಾಗಿ ಕುಂತಿರತಾವು. ಒಂದು ತಂದು ಮಾರಿ ತಿಕ್ಕ್ರಿ. ಮ್ಯಾಲ ಹಿಡಿಕೀನೂ ಇರತೈತಿ."

"ಯಾವುದು ತರಲಿ?"

"ಹತ್ಯಾರ ಆರಸಾಕ ಕಣ್ಣು ಬ್ಯಾಡ್ರಿ, ಕೈ ಬೇಕು. ಕೈ ಯಾವುದು ಅಂತೈತಿ, ಅದು."

ಮಂಗಳವಾರ ಸಂಜೆ ಬ್ಯಾಡಗಿಗೆ ಹೋದರೆ ಮಾವ ಕಾಗಿನೆಲೆಗೆ ಹೋಗಿದ್ದ. ಅಂಗಡಿಯಲ್ಲಿದ್ದವನು ಹಮಾಲ ಮೈಲಪ್ಪ ಒಬ್ಬನೇ. ಹೆಸರಿಗೆ ಕಲ್ಲು ಎಂದರೂ ಎಲ್ಲವೂ ಬೀಡು ಕಬ್ಬಿಣದವು. ಐದು ಕಿಲೋದವು ನಾಲ್ಕು ತೂಗುವ ಕಾಟಾದ ಹತ್ತಿರ ಇದ್ದವು, ಐದನೆಯದು ಗಾದಿಯ ಹಿಂದೆ ಗೋಣಿಚೀಲದಡಿ. ರುದ್ರಮುನಿ ಒಂದೊಂದನ್ನೂ ಎತ್ತಿ ನೋಡಿದ. ನಾಲ್ಕಕ್ಕೆ ಕೈ ಸುಮ್ಮನಿತ್ತು. ಗೋಣಿಯಡಿಯದನ್ನು ಎತ್ತಿದಾಗ ಮಾತ್ರ ಕೈ "ಇದು" ಎಂದಿತು.

"ಅದು ಸಾವಕಾರ್ರ ಬರ್ಕತ್ತಿನ ಕಲ್ಲರಿ," ಎಂದ ಮೈಲಪ್ಪ. "ಅದರಾಗ ತೂಗಿದ ದಿನಾ ಲಕ್ಷ್ಮಿ ಒಲೀತಾಳಂತ."

"ಎರಡ ದಿನಾ ಮೈಲಪ್ಪಾ. ಗುರುವಾರ ಪ್ಯಾಟಿ ದಿನಾ ಮುಂಜಾನೆ ತಂದಿಡತೇನಿ."

ಬುಧವಾರ ರಜೆ ಹಾಕಿ ಇಡೀ ದಿನ ಗ್ರೈಂಡರ್ ಹಚ್ಚಿ, ಅರ ಹಾಕಿ, ಎಣ್ಣೆ ಬಿಟ್ಟು ತಿಕ್ಕಿದ. ಮುಖ ನೋಡಿಕೊಂಡು ಗಡ್ಡ ಹೆರೆಯುವಷ್ಟು ಕಲ್ಲಿನ ತಳ ನುಣ್ಣಗಾಯಿತು. ಅದು ಸರಕಾರದ ಮುದ್ರೆಯ ತೂಕದ ಕಲ್ಲು, ತಿಕ್ಕಿದರೆ ಹಗುರಾಗುತ್ತದೆ ಎಂಬ ವಿಚಾರ ಅವನ ತಲೆಯ ಹತ್ತಿರವೂ ಸುಳಿಯಲಿಲ್ಲ. ತಲೆ ಆಗಲೇ ಮೋಡದಲ್ಲಿತ್ತು.

ಗುರುವಾರವೂ ರಜೆ ಹಾಕಿ, ರಿವೆಟ್ ಹೊಡೆದೇ ಕಲ್ಲು ಮುಟ್ಟಿಸಿದರಾಯಿತೆಂದು ಮುಂಜಾನೆಯೇ ಕೆಲಸಕ್ಕೆ ನಿಂತ. ತಗಡುಗಳನ್ನು ಜೋಡಿಸಿ ಹಿಡಿಯುವ ಪುಟ್ಟ ಸ್ಪ್ರಿಂಗ್ ಚಿಮಟಗಳು ಐವತ್ತಿದ್ದವು. ನಲವತ್ತನ್ನು ಪಕ್ಕದ ಮನೆಯ ಕಾಶೀಬಾಯಿ ಸಂಡಿಗೆ ಒಣಹಾಕಿದ ಸೀರೆಯ ಅಂಚಿಗೆ ಸಿಕ್ಕಿಸಿಕೊಂಡಿದ್ದಳು. ಉಳಿದ ಹತ್ತರಲ್ಲೇ ಕೆಲಸ ನಡೆಯಿತು. ಶ್ರೀದೇವಿ ತಗಡಿನ ಹಿಂದೆ ಕಲ್ಲು ಒತ್ತಿ ಹಿಡಿದಳು.

"ಕೈ ನೋಯಾಕತ್ತಿತೇನು?"

"ನೀವು ಮುಂದ ನಿಂತು ಸಪ್ಪಳಾ ಮಾಡೋದು, ನಾ ಹಿಂದ ನಿಂತು ಭಾರ ಹಿಡಿಯೋದು. ಹನ್ನೊಂದು ವರ್ಷದಿಂದ ರೂಢಿ ಐತಿ, ಹೊಡೀರಿ."

ಕೊನೆಯ ರಿವೆಟ್ ಕೂತಿತು. ಜಗ್ಗಿದರೆ ತಗಡು ಜಪ್ಪಯ್ಯ ಎನ್ನಲಿಲ್ಲ. ರುದ್ರಮುನಿ ಕುಣಿಯಬೇಕೆನ್ನುವಷ್ಟರಲ್ಲಿ ಕಾಶೀಬಾಯಿ ಗೋಡೆಯ ಮೇಲಿಂದ ಮುಖ ಎತ್ತಿದಳು. ಆ ಸಾಲಿಗೆಲ್ಲ ಫೋನಿದ್ದದ್ದು ಅವಳ ಮನೆಯಲ್ಲಿ.

"ರುದ್ರಣ್ಣಾ, ಬ್ಯಾಡಗಿಯಿಂದ ಮೈಲಪ್ಪ ಅಂತ ಫೋನ್ ಮಾಡಿದ್ದ. ತೂಕ ನೋಡೋ ಇನ್‌ಸ್ಪೆಕ್ಟರ್ ಅಂಗಡಿಗೆ ಬಂದು ಕುಂತಾರಂತ. ಕಲ್ಲು ಒಂದು ಕಮ್ಮಿ ಐತಂತ. ಲಗೂನ ತರಬೇಕಂತ. ಅಂದಂಗ, ಆ ತಗಡಿನ ಕೋಳಿ ಗೂಡು ಮುಗೀತೇನು?"

ರುದ್ರಮುನಿಯ ತಲೆ ಮೋಡದಿಂದ ದಡಕ್ಕನೆ ನೆಲಕ್ಕೆ ಬಂತು. ಕಲ್ಲು ನೋಡಿದ. ಹಿತ್ತಲಲ್ಲಿ ಬಿದ್ದಿದ್ದ ಕಬ್ಬಿಣದ ಪುಡಿ ನೋಡಿದ. ಕೂಡಿಸಿದ ತಗಡನ್ನು ಚೀಲಕ್ಕೆ ತುರುಕಿ ಕಲ್ಲು ಎತ್ತಿಕೊಂಡ.

ಎದುರು ಮನೆಯ ರಾಘಣ್ಣ ಕರೆಯದೆಯೇ ಸ್ಕೂಟರ್ ಹೊರಗೆ ತೆಗೆದ. ತಾಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು. ಕಾನೂನು ಎಂದರೆ ಬಾಯಲ್ಲಿ ನೀರು ಬರುತ್ತಿತ್ತು.

"ಸರಕಾರದ ಮುದ್ರಿ ಇದ್ದ ಕಲ್ಲು ತಿಕ್ಕೀರಿ?" ಎಂದು ದಾರಿಯುದ್ದಕ್ಕೂ ಹಿಂದಕ್ಕೆ ತಿರುಗಿ ತಿರುಗಿ ಹೇಳಿದ. "ಅದು ಕಲ್ಲಲ್ರೀ, ಸರಕಾರ! ಸರಕಾರದ ಮಾರಿ ಹೆರದಂಗಾತು."

"ಶಿಕ್ಷಾ ಎಷ್ಟ್ರಿ? ರೋಡು ನೋಡ್ರಿ ರಾಘಣ್ಣಾರ!"

"ಅದು ಸಾಹೇಬ್ರ ಚಹಾದಾಗ ಸಕ್ರಿ ಎಷ್ಟು ಬಿದ್ದೈತಿ ಅನ್ನೋದರ ಮ್ಯಾಲ. ಆದ್ರ ಸಿಗಬೀಳೋದು ನೀವಲ್ಲ, ನಿಮ್ಮ ಮಾವ. ಅಂಗಡಿ ಅವರದ."

ಗೋದಾಮಿನ ಕೀಲಿ ಕಣ್ಣ ಮುಂದೆಯೇ ಕರಗಿತು. ಮೋಟೆಬೆನ್ನೂರು ಕ್ರಾಸಿನಲ್ಲಿ ಒಂದು ಗುಜರಿ ಅಂಗಡಿ ಕಂಡಿತು. ಎಷ್ಟು ಕಮ್ಮಿಯಾಗಿದೆಯೆಂದಾದರೂ ತಿಳಿಯಲೆಂದು ಇಳಿದರು. ಗುಜರಿಯವನು ತನ್ನ ಐದು ಕಿಲೋ ಒಂದು ಪರಡಿಯಲ್ಲಿಟ್ಟು, ಇವರದನ್ನು ಇನ್ನೊಂದರಲ್ಲಿಟ್ಟ. ಇವರ ಪರಡಿ ಗಾಳಿಪಟದಂತೆ ಮೇಲೆದ್ದಿತು.

"ಇನ್ನೂರು ಗ್ರಾಂ ಕಮ್ಮಿ ಐತಿ," ಎಂದ ಅವನು. "ಮಾರತೀರೇನು?"

ಬ್ಯಾಡಗಿಯ ಪೇಟೆ ಹೊಕ್ಕಾಗ ರುದ್ರಮುನಿಯ ಕಣ್ಣಲ್ಲಿ ನೀರಿತ್ತು. ಮೆಣಸಿನಕಾಯಿ ಘಾಟು ಅರ್ಧ, ಮಾವನ ಭಯ ಅರ್ಧ. ಅಂಗಡಿಯ ಗಾದಿಯ ಮೇಲೆ ಇನ್‌ಸ್ಪೆಕ್ಟರ್ ನಿಜಲಿಂಗಪ್ಪ ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಕಟ್ಟೆಯ ಕೆಳಗೆ ತಮಾಷೆ ನೋಡಲು ಹತ್ತಿಪ್ಪತ್ತು ರೈತರು.

ಅಳಿಯನ ಕೈಯಲ್ಲಿ ಕಲ್ಲು ಕಂಡದ್ದೇ ಪ್ರಭುಲಿಂಗಪ್ಪನ ಮುಖ ಸುಣ್ಣ ಬಳಿದ ಗೋಡೆಯಂತಾಯಿತು. ಹುಬ್ಬು ಹಾರಿಸಿದ, ಗದ್ದ ತಿರುವಿದ, ಹೋಗು ಹೋಗು ಎಂದು ಕಣ್ಣಲ್ಲೇ ಹೊಡೆದ. 'ಮಾವಗ ತಿಕ್ಕಿದ್ದು ಗೊತ್ತಾಗೈತಿ' ಎಂದುಕೊಂಡ ರುದ್ರಮುನಿ ಕಲ್ಲನ್ನು ಬೆನ್ನ ಹಿಂದೆ ಸರಿಸಿದ.

"ಅಳಿಯಂದ್ರ, ಯಾಕ ತ್ರಾಸ ತೊಗೊಂಡ್ರಿ?" ಎಂದ ಪ್ರಭುಲಿಂಗಪ್ಪ ಹುಸಿ ನಗೆ ನಗುತ್ತ. "ಇದು ಅಂಗಡೀ ಕಲ್ಲಲ್ರಿ ಸಾಹೇಬ್ರ. ಬಚ್ಚಲದಾಗ ಹಂಡೇಕ ಒತ್ತಿಡೋದು."

"ಹೌದ್ರಿ, ಬಚ್ಚಲದ್ದ!" ಎಂದ ರುದ್ರಮುನಿ ಎದ್ದುಬಿದ್ದು. ಮಾವ ಅಳಿಯ ಒಂದು ಮಾತಿಗೆ ಒಪ್ಪಿದ್ದು ಹನ್ನೊಂದು ವರ್ಷದಲ್ಲಿ ಅದೇ ಮೊದಲು.

"ಏನ್ ಸಾವಕಾರ್ರ!" ಎಂದು ಮೈಲಪ್ಪ ನೊಂದುಕೊಂಡ. "ನಿಮ್ಮ ಬರ್ಕತ್ತಿನ ಕಲ್ಲು ನಿಮಗ ಗುರುತು ಹತ್ತಲಿಲ್ಲೇನು?"

ಇನ್‌ಸ್ಪೆಕ್ಟರ್ ಕೈ ಚಾಚಿದರು. ತಮ್ಮ ತಕ್ಕಡಿಯ ಒಂದು ಪರಡಿಯಲ್ಲಿ ಸರಕಾರದ ಹಿತ್ತಾಳೆಯ ಐದು ಕಿಲೋ, ಇನ್ನೊಂದರಲ್ಲಿ ಈ ಕಲ್ಲು. ಪ್ರಭುಲಿಂಗಪ್ಪ ಕಣ್ಣು ಮುಚ್ಚಿದ. ರುದ್ರಮುನಿಯೂ ಮುಚ್ಚಿದ.

ಮುಳ್ಳು ಎರಡು ಸಲ ಆಚೀಚೆ ಆಡಿ ನಟ್ಟ ನಡುವೆ ನಿಂತಿತು. ಇನ್‌ಸ್ಪೆಕ್ಟರ್‌ಗೆ ನಂಬಿಕೆಯಾಗಲಿಲ್ಲ. ತಟ್ಟೆಯಿಂದ ಐದಾರು ಎಲೆ ಎತ್ತಿ ಒಂದು ಪರಡಿಗೆ ಹಾಕಿದರು. ಅದು ಅಷ್ಟಕ್ಕೇ ವಾಲಿತು.

"ಬರೋಬ್ಬರಿ ಐತಿ!"

"ಬರೋಬ್ಬರಿ ಐತಿ?" ಎಂದು ಮಾವ ಅಳಿಯ ಒಟ್ಟಿಗೇ ಕಿರುಚಿದರು.

"ಹದಿನೆಂಟು ವರ್ಷದ ನೌಕರ್ಯಾಗ ಇಷ್ಟು ಖರೇ ಕಲ್ಲು ಕಂಡಿಲ್ಲ," ಎಂದು ಇನ್‌ಸ್ಪೆಕ್ಟರ್ ಅದನ್ನು ತಿರುಗಿಸಿ ರೈತರಿಗೆ ತೋರಿಸಿದರು. "ತಳಾ ನೋಡ್ರಿ, ಕನ್ನಡಿ! ತೂಕದ ಕಲ್ಲಿಗೆ ಇಷ್ಟು ಮರ್ಯಾದಿ ಕೊಡೋ ವ್ಯಾಪಾರಿ ಎಲ್ಲಿ ಸಿಗತಾನ?" ಎಂದು ಅಲ್ಲೇ ಹೊಸ ಮುದ್ರೆ ಹೊಡೆದರು.

ರುದ್ರಮುನಿಗೆ ನಿಧಾನವಾಗಿ ಬೆಳಕಾಯಿತು. ಕಲ್ಲು ಭಾರವಾದಷ್ಟೂ ರೈತನ ಕಾಯಿ ಹೆಚ್ಚು ಬೀಳುತ್ತದೆ. ಹಿತ್ತಲಲ್ಲಿ ಪುಡಿಯಾಗಿ ಬಿದ್ದದ್ದು ಬರೀ ಕಬ್ಬಿಣವಲ್ಲ, ಮಾವನ ಬರ್ಕತ್ತು.

ಪ್ರಭುಲಿಂಗಪ್ಪ ಅವನ ತೋಳು ಹಿಡಿದು ಮೂಲೆಗೆಳೆದ. "ಏನ್ ಮಾಡಿದ್ರಿ ಅದಕ?"

"ಒಂಚೂರು ತಿಕ್ಕಿದೆ ಮಾವಾರ. ವಿಮಾನಕ್ಕ."

ಪ್ರಭುಲಿಂಗಪ್ಪ ಬಯ್ಯಲು ಬಾಯಿ ತೆರೆದ. ಆದರೆ ನನ್ನ ಕಲ್ಲನ್ನು ಯಾಕೆ ಸರಿ ಮಾಡಿದೆ ಎಂದು ಯಾವ ಮುಖದಲ್ಲಿ ಬಯ್ಯುವುದು?

ಅಷ್ಟರಲ್ಲಿ ಕಟ್ಟೆಯ ಕೆಳಗಿನಿಂದ ಹೇಮಪ್ಪನ ದನಿ ಬಂತು. ಎರಡು ವರ್ಷದ ಹಿಂದೆ ಈ ಅಂಗಡಿ ಬಿಟ್ಟುಹೋದವರಲ್ಲಿ ಮೊದಲಿಗ. "ಪ್ರಭಣ್ಣಾ, ನಿನ್ನ ಮ್ಯಾಲ ಸುಳ್ಳ ಸಂಶೇ ಪಟ್ಟಿದ್ದೆ, ತಪ್ಪಾತಪ್ಪಾ. ನನ್ನ ಚೀಲಾ ಇಲ್ಲೇ ಇಳಸ್ತೇನಿ." ಅವನ ಹಿಂದೆ ಇನ್ನೊಂದು ಗಾಡಿ ತಿರುಗಿತು. ಅದರ ಹಿಂದೆ ನಾಲ್ಕು. ಸುದ್ದಿ ಪೇಟೆಯಲ್ಲಿ ಮೆಣಸಿನಕಾಯಿ ಘಾಟಿಗಿಂತ ಬೇಗ ಹಬ್ಬಿತು. ಮೂರು ಗಂಟೆಗೆ ಅಂಗಡಿ ತುಂಬಿತು, ನಾಲ್ಕಕ್ಕೆ ಕಟ್ಟೆ ತುಂಬಿತು, ಪ್ರಭುಲಿಂಗಪ್ಪನ ಮುಖವೂ ಬ್ಯಾಡಗಿ ಕಾಯಿಯಂತೆ ಕೆಂಪಾಗಿ ಅರಳಿತು.

ಇದೇ ಹೊತ್ತೆಂದು ರುದ್ರಮುನಿ ಚೀಲದಿಂದ ತಗಡು ತೆಗೆದು ಕೊಟ್ಟ. ಮಾವ ಜಗ್ಗಿದ, ತಿರುವಿದ, ಕಾಲೊತ್ತಿ ಎಳೆದ. ತಗಡು ಬಿಚ್ಚಲಿಲ್ಲ.

"ಗಟ್ಟಿ ಐತಿ! ಕೊಟ್ಟ ಮಾತು ಮಾತ, ಅಳಿಯಂದ್ರ," ಎಂದು ಸೊಂಟದ ಕೀಲಿ ಬಿಚ್ಚಿ ಕೈ ಚಾಚಿದ. ರುದ್ರಮುನಿಯ ಬೆರಳು ಕೀಲಿಗೆ ತಾಗಿತ್ತು.

"ಸಾವಕಾರ್ರ, ಇನ್ನೂ ಎಂಬತ್ತು ಚೀಲಾ ಬಂದಾವು!" ಎಂದು ಮೈಲಪ್ಪ ಓಡಿ ಬಂದ. "ಎಲ್ಲಿ ಇಳಸೋಣ?"

ಕೀಲಿ ಅಳಿಯನ ಬೆರಳ ಮೇಲಿಂದಲೇ ಹಾರಿ ಮೈಲಪ್ಪನ ಕೈಗೆ ಹೋಯಿತು.

"ಹೋಗ್ಲಿ, ಆ ಕಲ್ಲರ ಕೊಡ್ರಿ ಮಾವಾರ," ಎಂದ ರುದ್ರಮುನಿ. ಪ್ರಭುಲಿಂಗಪ್ಪ ಗೋಡೆಯತ್ತ ಕೈ ಮಾಡಿದ. ದೇವರ ಪಟದ ಕೆಳಗೆ ಕಲ್ಲಿಗೆ ಆಗಲೇ ವಿಭೂತಿ ಬಳಿದು, ಹೂವೇರಿಸಿ, ಊದಿನಕಡ್ಡಿ ಹಚ್ಚಿ ಆಗಿತ್ತು.

ತಿರುಗಿ ಬರುವಾಗ ಮೋಟೆಬೆನ್ನೂರು ಕ್ರಾಸಿನಲ್ಲಿ ಗುಜರಿಯವನು ರಸ್ತೆಗೇ ಬಂದು ಸ್ಕೂಟರ್ ನಿಲ್ಲಿಸಿದ.

ಶ್ರೀದೇವಿ ಬಾಗಿಲಲ್ಲೇ ಕಾಯುತ್ತಿದ್ದಳು. "ಗೋದಾಮು ಸಿಕ್ತೇನು?"

"ತುಂಬಿತು."

"ಮತ್ತ ಕಲ್ಲು?"

"ದೇವರಾತು."

"ಹಂಗಾರ ಕೈಯಾಗಿಂದ ಏನದು?"

ರುದ್ರಮುನಿ ಟವೆಲ್ಲಿನ ಗಂಟು ಬಿಚ್ಚಿದ. "ಗುಜರಿಯವನ ಐದು ಕಿಲೋ, ಇನ್ನೂರು ಗ್ರಾಂ ಬರ್ಕತ್ತು ಸೇರಿ. ನಾಳೆ ಇನ್‌ಸ್ಪೆಕ್ಟರ್ ಅವನ ಕಡೆ ಬರತಾರಂತ. ಮಾವಾರ ಕಲ್ಲಿನಂಗ ತಿಕ್ಕಿ ಕೊಡ್ರಿ ಅಂತ ಕಾಲಿಗೆ ಬಿದ್ದ."

ಗೋಡೆಯ ಮೇಲೆ ಕಾಶೀಬಾಯಿಯ ಮುಖ ಮೂಡಿತು. "ರುದ್ರಣ್ಣಾ, ಹಾನಗಲ್ಲಿಂದ ಒಬ್ಬಾತ ಫೋನ್ ಮಾಡಿದ್ದ. ಕಲ್ಲು ತಿಕ್ಕೋ ಅಂಗಡಿ ಇದ ಏನು ಅಂತ ಕೇಳಿದ. ಹೌದಂದೆ. ಮುಂಜಾನೆ ಆರಕ್ಕ ಬರತಾನ, ಹನ್ನೆರಡು ಅದಾವಂತ."